ರಾಕರ್ ಹಾಳಾಗಿದೆ, ಎಂಟು ತಿಂಗಳಾಯಿತು, ಯಾರಾದರೂ ದಾರಿ ತೋರಿಸಿ

ಜಾರುಬಂಡೆ · ಸೋಮವಾರ ರಾತ್ರಿ 11:40

ಎಂಟು ತಿಂಗಳಿಂದ ಒಂದೇ ಗೋಳು. ಐಸ್ ಸ್ಕೇಟಿಂಗ್‌ನಲ್ಲಿ ನನ್ನ ರಾಕರ್ ಸರಿ ಹೋಗುತ್ತಲೇ ಇಲ್ಲ. ಚೆನ್ನಾಗಿಯೇ ಹೋಗುತ್ತಿರುತ್ತೇನೆ, ಆ ಒಂದು ಕ್ಷಣದಲ್ಲಿ ಕರ್ರ್ ಅಂತ ಸದ್ದು, ಕಾಲು ಜಾರುತ್ತದೆ. ಒಮ್ಮೊಮ್ಮೆ ಟೋ ಪಿಕ್ (ಬ್ಲೇಡಿನ ಮುಂತುದಿಯ ಹಲ್ಲು) ಕಚ್ಚಿ ಮುಗ್ಗರಿಸುತ್ತೇನೆ. ಇವತ್ತು ಮೊಣಕೈ ತರಚಿಕೊಂಡು ಬಂದು ಟೈಪ್ ಮಾಡುತ್ತಿದ್ದೇನೆ. ನನಗಿಂತ ಆಮೇಲೆ ಸೇರಿದ ಹುಡುಗಿ, ಹತ್ತೋ ಹನ್ನೊಂದೋ ವಯಸ್ಸು, ಪಕ್ಕದಲ್ಲೇ ಸರ್ರನೆ ಹೋದಳು. ಹೋಗುವಾಗ "ಅಂಕಲ್, ಸ್ವಲ್ಪ ಸೈಡ್" ಅಂದಳು.

ಕೋಚ್ ಕೇಳಿದರೆ ಒಂದೇ ಮಾತು, "ಎಡ್ಜ್ ಹಿಡಿ", ಅಂದರೆ ಬ್ಲೇಡಿನ ಒಳಗಿನದೋ ಹೊರಗಿನದೋ ಒಂದೇ ಅಂಚಿನ ಮೇಲೆ ಹೋಗು ಅಂತ. ಹಿಡಿಯುವುದು ಹೇಗೆ ಅಂತ ಗೊತ್ತಿದ್ದರೆ ಹಿಡಿಯುತ್ತಿರಲಿಲ್ಲವೇ? ಯಾರಿಗಾದರೂ ಹೀಗೆ ಆಗಿದ್ದರೆ ಹೇಳಿ.

ಸಾಣೆಕಲ್ಲು · ಸೋಮವಾರ ರಾತ್ರಿ 11:58

ರಾಕರ್ ಹಾಳಾಗಿದ್ದರೆ ರಿಪೇರಿ ಇಲ್ಲ, ಬ್ಲೇಡ್ ಬದಲಾಯಿಸಬೇಕು ಅಷ್ಟೇ. ನಿಮ್ಮದರ ಬಾಗಿನ ತ್ರಿಜ್ಯ 7 ಅಡಿಯೋ 8 ಅಡಿಯೋ? ಕೊಂಡ ಮೇಲೆ ಎಷ್ಟು ಸಲ ಸಾಣೆ ಹಿಡಿಸಿದ್ದೀರಿ? ಪಕ್ಕದಿಂದ ಒಂದು ಫೋಟೋ ಹಾಕಿ, ಟೋ ಪಿಕ್ಕಿನ ಹಿಂದಿನ ಭಾಗ ಕಾಣಬೇಕು.

ಜಾರುಬಂಡೆ · ಮಂಗಳವಾರ ಬೆಳಿಗ್ಗೆ 7:05

ಸರ್, ಬ್ಲೇಡಿನ ರಾಕರ್ ಅಲ್ಲ. ರಾಕರ್ ಟರ್ನ್! ಒಂದೇ ಕಾಲಲ್ಲಿ ತಿರುಗುವುದು.

ಬುಗುರಿ · ಮಂಗಳವಾರ ಬೆಳಿಗ್ಗೆ 8:30

ಹ್ಹಹ್ಹಹ್ಹ. ಬ್ಲೇಡಿನ ಉದ್ದದ ಬಾಗಿಗೂ ರಾಕರ್, ಈ ಟರ್ನಿಗೂ ರಾಕರ್. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮ ಯಾರೋ. ನಾನು ಶುರು ಮಾಡಿದ ಹೊಸದರಲ್ಲಿ ಕೋಚ್ "ನಿನ್ನ ರಾಕರ್ ಫ್ಲಾಟ್ ಆಗಿದೆ" (ಟರ್ನಿನಲ್ಲಿ ಎರಡೂ ಎಡ್ಜ್ ಐಸಿಗೆ ತಾಗಿವೆ) ಅಂದಾಗ ಬ್ಲೇಡ್ ಒರೆಸಿಕೊಂಡು ನೋಡಿದ್ದೆ.

ಜಾರುಬಂಡೆ ಅವರೇ, ಭುಜ ನೋಡಿಕೊಳ್ಳಿ. ಹೊರ ಎಡ್ಜಿನಲ್ಲಿ ಹೋಗುವಾಗಲೇ ಎದೆಯನ್ನು ವೃತ್ತದ ಒಳಗಡೆಗೆ ತಿರುಗಿಸಿ, ಬಲಗೈ ಮುಂದೆ, ಎಡಗೈ ಹಿಂದೆ. ಸೊಂಟದ ಕೆಳಗಿನದು ಆಮೇಲೆ ತಾನಾಗಿ ತಿರುಗುತ್ತದೆ. ತಿರುಗಿದ ತಕ್ಷಣ ಭುಜವನ್ನು ಅಲ್ಲೇ ನಿಲ್ಲಿಸಿ, ಎಡಗೈ ಮುಂದೆ ಬಂದಿರಬೇಕು. ಇದನ್ನೇ ಚೆಕ್ ಮಾಡುವುದು ಅನ್ನುವುದು. ಚೆಕ್ ಇಲ್ಲದಿದ್ದರೆ ಬುಗುರಿ ಥರ ಸುತ್ತುತ್ತೀರಿ. ನನಗೆ ಈ ಹೆಸರು ಬಂದದ್ದೇ ಹಾಗೆ.

ಸಾಣೆಕಲ್ಲು · ಮಂಗಳವಾರ ಬೆಳಿಗ್ಗೆ 9:12

ಟರ್ನ್ ಅಂತಲೇ ಇಟ್ಟುಕೊಳ್ಳಿ. ಆದರೂ ನನ್ನ ಮಾತು ಬದಲಾಗುವುದಿಲ್ಲ. ಮುಂದಕ್ಕೆ ಹೋಗುತ್ತಾ ಹಿಂದಕ್ಕೆ ತಿರುಗುವಾಗ ಭಾರ ಎಲ್ಲಿರುತ್ತದೆ? ಪಾದದ ಮುಂಭಾಗದಲ್ಲಿ, ಟೋ ಪಿಕ್ಕಿನ ಸ್ವಲ್ಪ ಹಿಂದೆ. ಬ್ಲೇಡ್ ಉಳಿದ ಕಡೆಗಿಂತ ಜಾಸ್ತಿ ಬಾಗಿರುವುದು ಅಲ್ಲಿಯೇ. ಅರಿವಿಲ್ಲದವರ ಕೈಗೆ ಕೊಟ್ಟರೆ ಮೊದಲು ತಿಂದು ಹಾಕುವುದು ಆ ಜಾಗವನ್ನೇ. ಅದು ಚಪ್ಪಟೆಯಾದ ಮೇಲೆ ಟರ್ನ್ ಮಾಡಲು ಹೋದರೆ ತಿರುಗಲು ಜಾಗವೇ ಇರುವುದಿಲ್ಲ. ಕರ್ರ್ ಅಂತ ಸದ್ದು ಬರುವುದೂ ಅದಕ್ಕೇ.

ಇನ್ನೊಂದು, ಎರಡು ಎಡ್ಜೂ ಒಂದೇ ಎತ್ತರದಲ್ಲಿವೆಯೇ ನೋಡಿದ್ದೀರಾ? ಬೂಟನ್ನು ತಲೆಕೆಳಗೆ ಹಿಡಿದು ಬ್ಲೇಡಿನ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಿ. ಬ್ಲೇಡಿಗೂ ನಾಣ್ಯಕ್ಕೂ ನೇರ ಮೂಲೆ ಕಂಡರೆ ಸರಿ. ಒಂದು ಕಡೆ ವಾಲಿದರೆ ನಿಮ್ಮ ರೋಗ ಸಿಕ್ಕಿತು ಅಂತ ಅರ್ಥ. ಇದು ಗ್ಯಾರಂಟಿ ಸಾಣೆಯ ತೊಂದರೆ.

ಜಾರುಬಂಡೆ · ಮಂಗಳವಾರ ರಾತ್ರಿ 10:20

ನಾಣ್ಯ ಇಟ್ಟು ನೋಡಿದೆ. ಕೂದಲೆಳೆಯಷ್ಟು ವಾಲಿದೆ, ಒಳ ಎಡ್ಜ್ ಕಡೆ ಮೇಲೆ. ಇದೇನಾ ಕಾರಣ?

ಬುಗುರಿ ಅವರೇ, ನೀವು ಹೇಳಿದ ಹಾಗೆ ಕೈ ಇಟ್ಟು ಮಾಡಿದೆ. ತಿರುಗಲೇ ಇಲ್ಲ. ದೇಹ ಒಂದು ಕಡೆ, ಕಾಲು ಒಂದು ಕಡೆ. ನೇರ ಹೋಗಿ ಕಟ್ಟೆಗೆ ಗುದ್ದಿದೆ.

ಸಾಣೆಕಲ್ಲು · ಮಂಗಳವಾರ ರಾತ್ರಿ 10:24

ಹೇಳಿದೆನಲ್ಲ. ಮೊದಲು ಸಾಣೆ. ಆಮೇಲೆ ಉಳಿದದ್ದು.

ಕಾರ್ಬನ್‌ಕಾಲು · ಮಂಗಳವಾರ ರಾತ್ರಿ 11:02

ಹಾಲೋ (ಬ್ಲೇಡಿನ ಅಡಿಯ ತೋಡಿನ ತ್ರಿಜ್ಯ) ಎಷ್ಟು ಹಾಕಿಸುತ್ತೀರಿ? ಅರ್ಧ ಇಂಚಾ? ನಾನು 7/16ಕ್ಕೆ ಬಂದ ಮೇಲೆ ಎಡ್ಜ್ ಕಚ್ಚಿ ಹಿಡಿಯುತ್ತದೆ. ಬ್ಲೇಡ್ ಪ್ಯಾರಬೋಲಿಕ್, ನಡುವೆ ತೆಳ್ಳಗೆ. ಬೂಟು ಪೂರ್ತಿ ಕಾರ್ಬನ್, ಬಿಸಿ ಮಾಡಿ ಪಾದಕ್ಕೆ ಅಚ್ಚು ಕೂರಿಸಿದ್ದು. ಹಳೆಯ ತೊಗಲಿನ ಬೂಟಿಗೂ ಇದಕ್ಕೂ ಅಜಗಜಾಂತರ. ಎತ್ತಿದರೆ ಕೈಗೆ ತೂಕವೇ ಗೊತ್ತಾಗುವುದಿಲ್ಲ.

ಸಾಣೆಕಲ್ಲು · ಮಂಗಳವಾರ ರಾತ್ರಿ 11:10

7/16 ಅಂದರೆ ತೋಡು ಇನ್ನೂ ಆಳ. ಟರ್ನ್ ಕಲಿಯುವವರಿಗೆ ಅದು ಕೆಡುಕೇ. ಎಡ್ಜ್ ಕಚ್ಚಿದಷ್ಟೂ ಬಿಡಿಸಿಕೊಳ್ಳುವುದು ಕಷ್ಟ. ಅರ್ಧ ಇಂಚು ಸಾಕು, 5/8 ಆದರೂ ನಡೆಯುತ್ತದೆ.

ಕಾರ್ಬನ್‌ಕಾಲು · ಮಂಗಳವಾರ ರಾತ್ರಿ 11:15

5/8ರಲ್ಲಿ ಹೊರ ಎಡ್ಜ್ ಹಿಡಿದು ತೋರಿಸಿ ನೋಡೋಣ. ಗಟ್ಟಿ ಐಸಿನಲ್ಲಿ ಜಾರಿ ಹೋಗುತ್ತೀರಿ.

ಸಾಣೆಕಲ್ಲು · ಮಂಗಳವಾರ ರಾತ್ರಿ 11:19

ಹಿಂದಿನವರು ಫಿಗರ್ಸ್ (ಐಸ್ ಮೇಲೆ ನಿಗದಿತ ಗೆರೆ ಬಿಡಿಸುವುದು) ಮಾಡುತ್ತಿದ್ದಾಗ ಅದಕ್ಕೆಂದೇ ಆಳ ಕಡಿಮೆ ಇರುವ ಬ್ಲೇಡ್ ಇರುತ್ತಿತ್ತು ಸ್ವಾಮಿ. ಅವರು ಜಾರಿ ಹೋದರಾ?

ಕಾರ್ಬನ್‌ಕಾಲು · ಮಂಗಳವಾರ ರಾತ್ರಿ 11:21

ಅವರು ಜಂಪ್ ಮಾಡಲು ಬೇರೆ ಜೋಡಿ ಹಾಕಿಕೊಳ್ಳುತ್ತಿದ್ದರು. ಅದನ್ನು ಮಾತ್ರ ಹೇಳುವುದಿಲ್ಲ ನೀವು.

ನಾಲ್ಕುಚಕ್ರ · ಬುಧವಾರ ಬೆಳಿಗ್ಗೆ 6:50

ನನ್ನದು ರೋಲರ್, ಆದರೂ ಮೂಗು ತೂರಿಸುತ್ತೇನೆ. ನಮ್ಮ ಕ್ವಾಡಿನಲ್ಲೂ (ನಾಲ್ಕು ಚಕ್ರದ ಸ್ಕೇಟ್) ಥ್ರೀ, ಬ್ರಾಕೆಟ್, ರಾಕರ್, ಕೌಂಟರ್, ಈ ಒಂಟಿಕಾಲಿನ ಟರ್ನ್ ಎಲ್ಲ ಇವೆ. ಚಕ್ರದ ಅಚ್ಚನ್ನು ಹಿಡಿಯುವ ಟ್ರಕ್ಕಿನ ನಟ್ ಸ್ವಲ್ಪ ಸಡಿಲ ಬಿಟ್ಟರೆ ವಾಲಿದ ಕಡೆ ಚಕ್ರ ತಾನೇ ತಿರುಗುತ್ತದೆ. ನಿಮ್ಮಲ್ಲಿ ಸಡಿಲ ಬಿಡಲು ನಟ್ಟೇ ಇಲ್ಲವಲ್ಲ ಪಾಪ. ನಾವು ರಾಕರ್ ಮಾಡುವಾಗ

ನಾಲ್ಕುಚಕ್ರ · ಬುಧವಾರ ಬೆಳಿಗ್ಗೆ 6:51

ಅರ್ಧಕ್ಕೇ ಒತ್ತಿಬಿಟ್ಟೆ. ನಾವು ಮಾಡುವಾಗ ಗೆರೆ ಬೀಳುವುದಿಲ್ಲ, ಕಣ್ಣಳತೆಯಲ್ಲೇ ನೋಡಬೇಕು. ನಿಮಗೆ ಐಸ್ ಮೇಲೆ ಗೆರೆ ಬೀಳುತ್ತದೆ, ಅಷ್ಟು ದೊಡ್ಡ ವರ. ಯಾರೂ ಅದರ ಮಾತೇ ಎತ್ತಿಲ್ಲ.

ಬುಗುರಿ · ಬುಧವಾರ ಬೆಳಿಗ್ಗೆ 8:15

ಗೆರೆ ಆಮೇಲೆ. ಜಾರುಬಂಡೆ ಅವರು ನಾನು ಹೇಳಿದ್ದನ್ನು ಸರಿಯಾಗಿ ಮಾಡಿಲ್ಲ ಅನ್ನಿಸುತ್ತದೆ. ಬಲಗೈ ಮುಂದೆ ಇದ್ದರೆ ತಿರುಗದೇ ಇರಲು ಸಾಧ್ಯವೇ ಇಲ್ಲ. ಮತ್ತೆ ಮಾಡಿ ನೋಡಿ.

ಜಾರುಬಂಡೆ · ಭಾನುವಾರ ಸಂಜೆ 6:30

ಸಾಣೆ ಹಿಡಿಸಿದೆ. ಅರ್ಧ ಇಂಚು. ನಾಣ್ಯ ಈಗ ನೆಟ್ಟಗೆ ಕೂರುತ್ತದೆ. ಮೊದಲ ದಿನ ನಿಲ್ಲುವುದಕ್ಕೇ ಆಗಲಿಲ್ಲ, ಅಷ್ಟು ಚೂಪು. ಇವತ್ತು ಹದಕ್ಕೆ ಬಂತು. ರಾಕರ್ ಮಾಡಿದೆ. ಅದೇ ಕರ್ರ್. ಅದೇ ಜಾರಾಟ. ಬಲ ಮೊಣಕಾಲು ಈಗ ನೀಲಿ.

ಬಲಗೈ ಮುಂದೆ ಇಟ್ಟು ಇನ್ನೂ ಇಪ್ಪತ್ತು ಸಲ ಮಾಡಿದೆ. ಒಂದು ಸಲವೂ ತಿರುಗಲಿಲ್ಲ. ನನಗೆ ಇದು ಬರುವುದೇ ಇಲ್ಲವೇನೋ.

ಸಾಣೆಕಲ್ಲು · ಭಾನುವಾರ ಸಂಜೆ 6:41

ಹಾಗಾದರೆ ಬ್ಲೇಡ್ ಕೂರಿಸಿದ್ದು ಓರೆ ಇರಬೇಕು. ಒಂದೇ ಕಾಲಲ್ಲಿ ನೇರ ಹೋಗಿ ನೋಡಿ, ಒಳಕ್ಕೋ ಹೊರಕ್ಕೋ ಎಳೆಯುತ್ತದೆಯೇ ಅಂತ. ಎಳೆದರೆ ಸ್ಕ್ರೂ ಬಿಚ್ಚಿ ಕೂದಲೆಳೆ ಸರಿಸಿದರೂ ಸಾಕು.

ಹಳೇಗೆರೆ · ಭಾನುವಾರ ರಾತ್ರಿ 9:05

ಒಂದು ವಾರದಿಂದ ಓದುತ್ತಿದ್ದೇನೆ, ತಡೆಯಲಾಗಲಿಲ್ಲ. ಯಾವ ಕಾಲು ಅಂತ ಯಾರಾದರೂ ಕೇಳಿದಿರಾ?

ಜಾರುಬಂಡೆ · ಭಾನುವಾರ ರಾತ್ರಿ 9:11

ಬಲಗಾಲು. ಮುಂದಕ್ಕೆ, ಹೊರ ಎಡ್ಜ್. ನಾನು ಎಲ್ಲ ತಿರುಗುವುದೂ ಬಲಕ್ಕೇ, ಅದು ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಬುಗುರಿ · ಭಾನುವಾರ ರಾತ್ರಿ 9:14

ಅಯ್ಯೋ ಮಾರಾಯರೇ! ನಾನು ಹೇಳಿದ್ದೆಲ್ಲ ಎಡಗಾಲಿಗೆ. ಬಲಗಾಲಿಗೆ ಪೂರ್ತಿ ಕನ್ನಡಿಯ ಹಾಗೆ, ಎಡಗೈ ಮುಂದೆ ಇಟ್ಟು ಹೋಗಬೇಕು. ಬಲಗೈ ಮುಂದೆ ಇಟ್ಟರೆ ದೇಹ ಎಡಕ್ಕೆ ಎಳೆಯುತ್ತದೆ, ಕಟ್ಟೆಗೆ ಗುದ್ದದೆ ಇನ್ನೇನು. ಕ್ಷಮಿಸಿ. ಆದರೆ ನೀವೂ ಹೇಳಬಹುದಿತ್ತು.

ಹಳೇಗೆರೆ · ಭಾನುವಾರ ರಾತ್ರಿ 9:40

ಆಯಿತು ಬಿಡಿ. ಜಾರುಬಂಡೆ ಅವರೇ, ಮುಂದಿನ ಸಲ ಐಸ್ ನಯಮಾಡುವ ಝಾಂಬೋನಿ ಗಾಡಿ ಬಂದು ಹೋದ ತಕ್ಷಣ, ಬೇರೆಯವರು ಇಳಿಯುವ ಮೊದಲು, ಒಂದೇ ಒಂದು ರಾಕರ್ ಮಾಡಿ. ಬಿದ್ದರೂ ಪರವಾಗಿಲ್ಲ. ಎದ್ದು ಹಿಂದಕ್ಕೆ ಹೋಗಿ, ಮಂಡಿ ಊರಿ ಕೂತು ಗೆರೆ ನೋಡಿ. ಮೂರು ಸಂಗತಿ ನನಗೆ ಬೇಕು. ತಿರುಗುವ ಜಾಗಕ್ಕೆ ಮುಂಚೆ ಗೆರೆ ಒಂದೋ ಎರಡೋ? ಗೆರೆ ಚೂಪಾಗುವ ಜಾಗ ಇರುತ್ತದಲ್ಲ, ಕಸ್ಪ್ ಅನ್ನುತ್ತಾರೆ, ನಾನು ಕೊಕ್ಕು ಅನ್ನುತ್ತೇನೆ, ಅದರ ಮೂತಿ ಯಾವ ಕಡೆ? ಆಮೇಲೆ ಗೆರೆ ಯಾವ ಕಡೆ ಬಾಗಿದೆ?

ನಾನು ಕಲಿಯುವಾಗ ಫಿಗರ್ಸ್ ಇನ್ನೂ ಇತ್ತು. ನಮ್ಮ ಎತ್ತರದ ಮೂರರಷ್ಟು ಅಗಲದ ವೃತ್ತ ಬಿಡಿಸಬೇಕಿತ್ತು, ತೀರ್ಪುಗಾರರು ಬಗ್ಗಿ ಬಗ್ಗಿ ಗೆರೆ ನೋಡುತ್ತಿದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು ಕೊನೆಯ ಸಲ ಇದ್ದದ್ದು 1990ರಲ್ಲಿ. ಆಮೇಲೆ ಯಾರೂ ಗೆರೆ ನೋಡುವುದೇ ಬಿಟ್ಟರು, ಎಲ್ಲರ ಕೈಯಲ್ಲೂ ವಿಡಿಯೋ.

ಕಾರ್ಬನ್‌ಕಾಲು · ಭಾನುವಾರ ರಾತ್ರಿ 9:52

ಒಳ್ಳೆಯದೇ ಆಯಿತು. 1972ರ ಒಲಿಂಪಿಕ್ಸ್‌ನಲ್ಲಿ ಟ್ರಿಕ್ಸಿ ಶೂಬಾ ಫ್ರೀ ಸ್ಕೇಟಿಂಗ್‌ನಲ್ಲಿ (ಜಂಪ್, ಸ್ಪಿನ್ ಇರುವ ಭಾಗ) ಏಳನೆಯವರಾಗಿ, ಫಿಗರ್ಸ್ ಬಲದ ಮೇಲೆ ಚಿನ್ನ ಗೆದ್ದರು. ನೋಡುವವರಿಗೆ ಏನು ಸಿಕ್ಕಿತು?

ಹಳೇಗೆರೆ · ಭಾನುವಾರ ರಾತ್ರಿ 9:58

ನೋಡುವವರಿಗೆ ಏನೂ ಸಿಗಲಿಲ್ಲ, ಒಪ್ಪುತ್ತೇನೆ. ಚಳಿಯಲ್ಲಿ ಕೂತು ವೃತ್ತ ನೋಡುವುದು ಯಾರಿಗೂ ಬೇಡ. ಆದರೆ ಆಕೆಗೆ ರಾಕರ್ ಬರುತ್ತಿತ್ತು.

ಸಾಣೆಕಲ್ಲು · ಭಾನುವಾರ ರಾತ್ರಿ 10:03

ಬ್ಲೇಡ್ ಎಳೆಯುತ್ತದೆಯೇ ಅನ್ನುವುದಕ್ಕೆ ಉತ್ತರ ಬರಲಿಲ್ಲ.

ಜಾರುಬಂಡೆ · ಬುಧವಾರ ರಾತ್ರಿ 10:45

ಎಳೆಯುವುದಿಲ್ಲ ಸರ್, ನೇರ ಹೋಗುತ್ತದೆ.

ಹಳೇಗೆರೆ ಮೇಡಂ, ಗೆರೆ ನೋಡಿದೆ. ಮಂಡಿ ಊರಿ ಕೂತದ್ದನ್ನು ನೋಡಿ ಆ ಹುಡುಗಿ "ಏನಾದರೂ ಕಳೆದುಹೋಯಿತಾ ಅಂಕಲ್" ಅಂತ ಕೇಳಿದಳು. ಬರುವಾಗ ಒಂದೇ ಗೆರೆ, ಬಲಕ್ಕೆ ಬಾಗಿ ಚೆನ್ನಾಗಿದೆ. ಕೊಕ್ಕಿಗೆ ಒಂದು ಬೂಟಿನ ಉದ್ದ ಮುಂಚೆ ಅದು ಎರಡಾಗುತ್ತದೆ, ರೈಲು ಹಳಿಯ ಹಾಗೆ. ಕೊಕ್ಕು ಅನ್ನುವಂಥದ್ದು ಇಲ್ಲ, ಮೊಂಡು, ಸುತ್ತ ಐಸ್ ಕೆರೆದು ಪುಡಿ ಬಿದ್ದಿದೆ. ಮೂತಿ ಮೊದಲ ವೃತ್ತದ ಒಳಗಡೆಗೇ ಇದೆ. ಆಮೇಲೆ ಗೆರೆ ಅದೇ ಕಡೆ ಸುಮಾರು ಒಂದೂವರೆ ಅಡಿ ಹೋಗಿ, ಅಲ್ಲಿಂದ ಇನ್ನೊಂದು ಕಡೆಗೆ ಬಾಗಿದೆ.

ಹಳೇಗೆರೆ · ಬುಧವಾರ ರಾತ್ರಿ 11:20

ಸಿಕ್ಕಿತು. ಬೇಜಾರು ಮಾಡಿಕೊಳ್ಳಬೇಡಿ, ಈ ಎಂಟು ತಿಂಗಳು ನೀವು ಮಾಡಿದ್ದು ರಾಕರ್ ಅಲ್ಲ. ಅದು ಥ್ರೀ ಟರ್ನ್. ತಿರುಗಿದ ಮೇಲೆ ಗೆರೆ ಅದೇ ವೃತ್ತದಲ್ಲಿ ಮುಂದುವರಿದಿದೆ ಅಂದರೆ ನೀವು ಒಳ ಎಡ್ಜಿಗೆ ಬಂದಿದ್ದೀರಿ. ಒಂದೂವರೆ ಅಡಿ ಆದ ಮೇಲೆ ನೆನಪಾಗಿ ಹೊರ ಎಡ್ಜಿಗೆ ಬದಲಾಯಿಸಿದ್ದೀರಿ. ರೈಲು ಹಳಿ ಬಿದ್ದದ್ದು ಕೊಕ್ಕಿಗೆ ಮುಂಚೆಯೇ ಎಡ್ಜ್ ಬಿಟ್ಟದ್ದಕ್ಕೆ. ಎರಡೂ ಎಡ್ಜ್ ಐಸಿಗೆ ತಾಗಿಸಿ ತಿರುಗಿಸಿದರೆ ಕೆರೆಯದೆ ಇನ್ನೇನಾಗುತ್ತದೆ. ಆ ಕರ್ರ್ ಅದೇ.

ರಾಕರಿನಲ್ಲಿ ಎಡ್ಜ್ ಬದಲಾಗಬಾರದು, ವೃತ್ತ ಬದಲಾಗಬೇಕು. ಇದು ಬಾಯಿಪಾಠಕ್ಕೆ ಸುಲಭ. ಮೈಗೆ ಯಾಕೆ ಕಷ್ಟ ಹೇಳುತ್ತೇನೆ. ಬಲಗಾಲಿನ ಹೊರ ಎಡ್ಜಿನಲ್ಲಿ ಬರುವಾಗ ನೀವು ನಿಮ್ಮ ಬಲಕ್ಕೆ ವಾಲಿದ್ದೀರಿ, ವೃತ್ತದ ನಡುವಿನ ಕಡೆಗೆ. ತಿರುಗಿದ ಮೇಲೂ ಹೊರ ಎಡ್ಜಿನಲ್ಲೇ ಇರಬೇಕಾದರೆ ನಿಮ್ಮ ಬಲಕ್ಕೇ ವಾಲಿರಬೇಕು. ಆದರೆ ನೀವು ಅರ್ಧ ಸುತ್ತು ತಿರುಗಿದ್ದೀರಿ, ನಿಮ್ಮ ಬಲ ಈಗ ವೃತ್ತದ ಆಚೆ ಕಡೆ! ಅಂದರೆ ಕೊಕ್ಕಿನ ಆ ಕ್ಷಣದಲ್ಲಿ ಇಡೀ ಮೈ ಗೆರೆಯ ಈಚೆಯಿಂದ ಆಚೆಗೆ ದಾಟಬೇಕು. ಮೈಗೆ ಭಯ. ಅದು ಹಳೆಯ ವೃತ್ತವನ್ನೇ ತಬ್ಬಿಕೊಂಡು ಕೂರುತ್ತದೆ. ಹಾಗೆ ಕೂತರೆ ಒಳ ಎಡ್ಜೇ ಗತಿ.

ಈಗ ಒಂದು ಪ್ರಶ್ನೆ. ನಿಮ್ಮ ಬ್ರಾಕೆಟ್ ಹೇಗಿದೆ? ಬಲಗಾಲು, ಮುಂದಕ್ಕೆ, ಒಳ ಎಡ್ಜ್.

ಜಾರುಬಂಡೆ · ಬುಧವಾರ ರಾತ್ರಿ 11:32

ಅದು ಬರುವುದಿಲ್ಲ ಮೇಡಂ. ಹೊರ ಎಡ್ಜಿನದು ಹೇಗೋ ಬಂತು, ಒಳಗಿನದನ್ನು ಬಿಟ್ಟು ಮುಂದಕ್ಕೆ ಹೋದೆ. ರಾಕರಿಗೂ ಅದಕ್ಕೂ ಏನು ಸಂಬಂಧ ಅಂತ ಹೇಳಲಿಲ್ಲ.

ಬುಗುರಿ · ಬುಧವಾರ ರಾತ್ರಿ 11:35

ಈಗ ಹೇಳುತ್ತಿದ್ದೀರಾ ಇದನ್ನು!

ಹಳೇಗೆರೆ · ಗುರುವಾರ ಬೆಳಿಗ್ಗೆ 6:15

ಸಂಬಂಧ ಇದೆ. ನಿಮ್ಮ ರಾಕರಿನ ಮೊದಲ ಅರ್ಧ, ಬಲಗಾಲಿನ ಹೊರ ಥ್ರೀಯದು. ಎರಡನೆಯ ಅರ್ಧ, ಬಲಗಾಲಿನ ಒಳ ಬ್ರಾಕೆಟ್ಟಿನದು. ಎರಡನ್ನೂ ಅರ್ಧಕ್ಕೆ ಕತ್ತರಿಸಿ ಹೊಲಿದರೆ ರಾಕರ್. ನಿಮಗೆ ಮೊದಲರ್ಧ ಬರುತ್ತದೆ, ಎರಡನೆಯದು ಬರುವುದಿಲ್ಲ. ಹಾಗಾಗಿ ಗೊತ್ತಿರುವ ಥ್ರೀಯನ್ನೇ ಪೂರ್ತಿ ಮಾಡಿ ಮುಗಿಸುತ್ತಿದ್ದೀರಿ. ಕೌಂಟರ್ ಇದರ ತಿರುಗುಮುರುಗು, ಬ್ರಾಕೆಟ್ಟಿನ ಹಾಗೆ ಹೋಗಿ ಥ್ರೀಯ ಹಾಗೆ ಬರುವುದು.

ಬ್ರಾಕೆಟ್ ಗೆರೆ ಹೇಗಿರಬೇಕು ಗೊತ್ತಾ? ಶಾಲೆಯ ಗಣಿತದಲ್ಲಿ ಪುಷ್ಪಾವರಣ ಹಾಕುತ್ತಿದ್ದೆವಲ್ಲ, ಹಾಗೆ. ಮೂತಿ ವೃತ್ತದ ಹೊರಗಡೆಗೆ.

ಕಟ್ಟೆ ಹಿಡಿದು ಶುರು ಮಾಡಿ. ಬಲಗಾಲಿನ ಒಳ ಎಡ್ಜಿನಲ್ಲಿ ಮೊಣಕಾಲು ಬಗ್ಗಿಸಿ ಬನ್ನಿ. ಎತ್ತಿದ ಕಾಲನ್ನು ನಿಂತ ಕಾಲಿನ ಹಿಮ್ಮಡಿಯ ಹತ್ತಿರಕ್ಕೆ ತನ್ನಿ. ಕೊಕ್ಕಿನಲ್ಲಿ ಮೊಣಕಾಲು ಮೇಲಕ್ಕೆ, ಭಾರ ಪಾದದ ಮುಂಭಾಗಕ್ಕೆ. ತಿರುಗಿದ ತಕ್ಷಣ ಮತ್ತೆ ಕೆಳಗೆ. ಮೇಲೆ ಎದ್ದಾಗ ಬ್ಲೇಡ್ ಹಗುರಾಗುತ್ತದೆ, ತಿರುಗುವುದು ಆ ಹೊತ್ತಿನಲ್ಲೇ. ಬುಗುರಿ ಹೇಳಿದ ಭುಜದ ಮಾತು ಸರಿಯೇ, ಕಾಲು ಮಾತ್ರ ಬೇರೆ. ನಿಮಗೆ ಎಡಗೈ ಮುಂದೆ ಇಟ್ಟು ಹೋಗುವುದು, ಬಲಗೈ ಮುಂದೆ ಬಂದು ನಿಲ್ಲುವುದು. ಎರಡು ವಾರ ರಾಕರ್ ತಂಟೆಗೆ ಹೋಗಬೇಡಿ.

ಕಾರ್ಬನ್‌ಕಾಲು · ಗುರುವಾರ ಬೆಳಿಗ್ಗೆ 9:30

ನನಗಂತೂ ಬೂಟು ಗಟ್ಟಿ ಇದ್ದದ್ದಕ್ಕೇ ಬಂತು. ಈಗ ಸ್ಪರ್ಧೆಯ ಸ್ಟೆಪ್ ಸೀಕ್ವೆನ್ಸಿನಲ್ಲಿ (ಹೆಜ್ಜೆಗಳ ಸಾಲು) ಅತಿ ಹೆಚ್ಚಿನ ದರ್ಜೆ ಲೆವೆಲ್ 4 ಬೇಕಾದರೆ ಹನ್ನೊಂದು ಕಷ್ಟದ ಟರ್ನ್ ಮತ್ತು ಸ್ಟೆಪ್ ಬೇಕು. ಟ್ವಿಝಲ್, ಬ್ರಾಕೆಟ್, ಲೂಪ್, ಕೌಂಟರ್, ರಾಕರ್, ಚಾಕ್ಟಾ, ಇಷ್ಟೇ ಲೆಕ್ಕಕ್ಕೆ. ಥ್ರೀ ಲೆಕ್ಕಕ್ಕೇ ಇಲ್ಲ. ನಾನು ಹೊಸ ಬ್ಲೇಡಿನಲ್ಲಿ ಟ್ವಿಝಲ್ ಮಾಡಿದ ವಿಡಿಯೋ ಬೇರೆ ಚರ್ಚೆಯಲ್ಲಿ ಹಾಕಿದ್ದೇನೆ, ನೋಡಿ.

ನಾಲ್ಕುಚಕ್ರ · ಗುರುವಾರ ಬೆಳಿಗ್ಗೆ 9:41

ನೋಡಿದೆ. ಎರಡನೆಯ ಸುತ್ತಿನಲ್ಲಿ ನಿಂತ ಜಾಗದಲ್ಲೇ ತಿರುಗಿದ್ದೀರಿ, ಮುಂದಕ್ಕೆ ಸಾಗಿಲ್ಲ. ಅದು ಟ್ವಿಝಲ್ ಅಲ್ಲ, ಸ್ಪಿನ್.

ಕಾರ್ಬನ್‌ಕಾಲು · ಗುರುವಾರ ಬೆಳಿಗ್ಗೆ 9:43

ಕ್ಯಾಮೆರಾ ಕೋನ ಹಾಗಿತ್ತು.

ನಿರ್ವಾಹಕ · ಗುರುವಾರ ಬೆಳಿಗ್ಗೆ 10:00

ಟ್ವಿಝಲ್ ಜಗಳ ಆ ಚರ್ಚೆಯಲ್ಲೇ ಮುಂದುವರಿಸಿ. ಹಾಲೋ ಎಷ್ಟಿರಬೇಕು ಅನ್ನುವುದಕ್ಕೂ ಬೇರೆ ಚರ್ಚೆ ಇದೆ. ಅಲ್ಲಿಯೂ ಇದೇ ಇಬ್ಬರು ಇದ್ದಾರೆ.

ಜಾರುಬಂಡೆ · ಮೂರು ವಾರದ ನಂತರ, ಶನಿವಾರ ಸಂಜೆ 7:10

ಒಳ ಬ್ರಾಕೆಟ್ ಮಾತ್ರ ಮಾಡಿದೆ. ಮೊದಲ ವಾರ ಪೂರ್ತಿ ಕಟ್ಟೆ. ಎರಡನೆಯ ವಾರ ಕಟ್ಟೆ ಬಿಟ್ಟರೆ ತಿರುಗುತ್ತಿತ್ತು, ಆದರೆ ಚೆಕ್ ನಿಲ್ಲದೆ ಸುತ್ತಿ ಹೋಗುತ್ತಿದ್ದೆ. ಮೊಣಕಾಲು ಮತ್ತೆ ಕೆಳಗೆ ತರುವುದನ್ನು ಮರೆಯುತ್ತಿದ್ದೆ, ಅದನ್ನು ಮಾಡಿದ ದಿನ ನಿಂತಿತು. ಪುಷ್ಪಾವರಣ ಬಿತ್ತು, ಸ್ವಲ್ಪ ಸೊಟ್ಟ.

ಇವತ್ತು ರಾಕರ್. ಹತ್ತು ಸಲ ಮಾಡಿದೆ. ಒಂಬತ್ತು ಅದೇ ಹಳೆಯ ರೈಲು ಹಳಿ. ಏಳನೆಯದರಲ್ಲಿ ಸದ್ದೇ ಬರಲಿಲ್ಲ. ಏನೋ ತಪ್ಪಾಯಿತು ಅಂದುಕೊಂಡು ಹಿಂದಕ್ಕೆ ಹೋಗಿ ನೋಡಿದರೆ ಒಂದೇ ಗೆರೆ, ಕೊಕ್ಕು ಚೂಪು, ಆಚೆ ಕಡೆಗೆ ಬಾಗಿ ಹೋಗಿದೆ. ಫೋಟೋ ಹಾಕಿದ್ದೇನೆ. ಬೆರಳು ಇಟ್ಟಿರುವುದು ಅಳತೆಗೆ.

ಹಳೇಗೆರೆ · ಶನಿವಾರ ಸಂಜೆ 7:25

ನೋಡಿದೆ. ಕೊಕ್ಕಿನ ನಂತರ ಒಂದು ಇಂಚು ಇನ್ನೂ ಫ್ಲಾಟ್ ಇದೆ. ಉಳಿದದ್ದು ರಾಕರೇ. ಎಡಗಾಲಿಗೆ ಯಾವಾಗ?

ಸಾಣೆಕಲ್ಲು · ಶನಿವಾರ ಸಂಜೆ 7:31

ಸಾಣೆ ಹಿಡಿಸಿದ ಮೇಲೆಯೇ ಬಂದದ್ದು ಅನ್ನುವುದನ್ನು ಗಮನಿಸಿ.

ಬುಗುರಿ · ಶನಿವಾರ ಸಂಜೆ 7:33

ಸಾಣೆಕಲ್ಲು ಸರ್, ನಿಮಗೆ ಕೈ ಮುಗಿದೆ.

ತೇವಮೋಡ · ಶನಿವಾರ ರಾತ್ರಿ 8:50

ಹೊಸಬ, ಇದೇ ಚರ್ಚೆಯಲ್ಲಿ ಕೇಳಬಹುದು ಅಂದುಕೊಂಡಿದ್ದೇನೆ. ನನ್ನ ಕೌಂಟರ್ ಅರ್ಧಕ್ಕೇ ನಿಂತುಬಿಡುತ್ತದೆ. ಬೂಟು ಹೊಸದು. ಏನು ಮಾಡಲಿ?

ಸಾಣೆಕಲ್ಲು · ಶನಿವಾರ ರಾತ್ರಿ 8:52

ಬ್ಲೇಡ್ ಅಂಗಡಿಯಿಂದ ಬಂದ ಮೇಲೆ ಸಾಣೆ ಹಿಡಿಸಿದ್ದೀರಾ?

ಹಳೇಗೆರೆ · ಶನಿವಾರ ರಾತ್ರಿ 8:53

ಯಾವ ಕಾಲು?